ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್: ಅನುಭವವಿದ್ದವರು ದಯವಿಟ್ಟು ತಿಳಿಸಿ

ತೀರ್ಥಹಳ್ಳಿಯಿಂದ, ಪ್ರಶ್ನೆ:
ನನ್ನದು 2014ರ ಪೆಟ್ರೋಲ್ ಕಾರು, 92,000 ಕಿ.ಮೀ. ಓಡಿದೆ. ಒಂದು ತಿಂಗಳಿನಿಂದ ನಿಂತಲ್ಲಿ ಇಂಜಿನ್ ನಡುಗುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಎಳೆತ ತಗ್ಗಿ ಚೆಕ್ ಇಂಜಿನ್ ದೀಪ ಮಿನುಗುತ್ತದೆ. ಸ್ಕ್ಯಾನರಿನಲ್ಲಿ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ (ಇಂಧನ ಸರಿಯಾಗಿ ಉರಿಯದಿರುವುದು) ಎಂದು ಬಂದಿದೆ. ಒಂದು ಗ್ಯಾರೇಜಿನವರು ನಾಲ್ಕು ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ), ನಾಲ್ಕು ಪ್ಲಗ್ ಬದಲಿಸಲು 14,000 ರೂ. ಹೇಳಿದ್ದಾರೆ, ಇನ್ನೊಬ್ಬರು ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಇಳಿಸಿಯೇ ನೋಡಬೇಕು ಎನ್ನುತ್ತಾರೆ. ಮೊದಲು ಯಾವುದನ್ನು ಮಾಡಿಸಲಿ?

ಹುಬ್ಬಳ್ಳಿಯಿಂದ:
18,640 ರೂಪಾಯಿ ಕಳೆದುಕೊಂಡು ಕಲಿತದ್ದನ್ನು ಬರೆಯುತ್ತಿದ್ದೇನೆ. ನನ್ನ ಗಾಡಿಯಲ್ಲಿ ಮಿಸ್ಸಿಂಗ್ ಇದ್ದದ್ದು ಎರಡನೇ ಸಿಲಿಂಡರಿನಲ್ಲಿ. ಮೊದಲು ನಾಲ್ಕು ಪ್ಲಗ್, 1,960 ರೂ.; ವಾರ ಕಳೆಯುವಷ್ಟರಲ್ಲಿ ಅದೇ ನಡುಕ. ಆಮೇಲೆ ಒಂದು ಕಾಯಿಲ್, 3,150 ರೂ.; ಹದಿನೇಳು ದಿನ ಚೆನ್ನಾಗಿ ಓಡಿ, ಹದಿನೆಂಟನೆಯ ದಿನ ಧಾರವಾಡದ ಬೈಪಾಸಿನಲ್ಲಿ ಮತ್ತೆ ಶುರುವಾಯಿತು. ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ತೊಳೆಸಲು 2,400, ಥ್ರಾಟಲ್ ಬಾಡಿಯ ಕೆಲಸಕ್ಕೆ 1,100, ಎರಡನೆಯ ಸಲ ಅದೇ ಕಾಯಿಲಿಗೆ 3,150, ಆಕ್ಸಿಜನ್ ಸೆನ್ಸರಿಗೆ 4,280 (ಇದನ್ನೇಕೆ ಬದಲಿಸಿದರೆಂದು ಇಂದಿಗೂ ಯಾರೂ ಹೇಳಿಲ್ಲ), ಉಳಿದ 2,600 ಲೇಬರ್. ಕೊನೆಗೆ ನಮ್ಮ ಓಣಿಯ ಹಿರಿಯ ಮೆಕ್ಯಾನಿಕರೊಬ್ಬರು ಕಾಯಿಲನ್ನು ಎಳೆದು, ಅದರ ತುದಿಯ ರಬ್ಬರಿನ ಮೇಲಿದ್ದ ಎಣ್ಣೆಯನ್ನು ಬೆರಳಿನಿಂದ ಒರೆಸಿ ನನಗೇ ತೋರಿಸಿದರು. ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್ ಸವೆದು ಪ್ಲಗ್ ಕೂರುವ ಗುಂಡಿಯೊಳಗೆ ಆಯಿಲ್ ಇಳಿಯುತ್ತಿತ್ತು; ಆಯಿಲ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗಿ, ಕಿಡಿ ಪ್ಲಗ್ಗಿನ ತುದಿಯವರೆಗೆ ಹೋಗದೆ ಪಕ್ಕದ ಲೋಹಕ್ಕೆ ಹಾರುತ್ತಿತ್ತು. ನಾನು ಹಾಕಿಸಿದ ಹೊಸ ಕಾಯಿಲುಗಳೆಲ್ಲ ಅದೇ ಎಣ್ಣೆಯಲ್ಲಿ ಮುಳುಗಿದ್ದವು. ಪ್ಯಾಕಿಂಗ್ 620, ಲೇಬರ್ 500. ಈ 1,120 ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ಮಂಗಳೂರಿನಿಂದ:
ಹುಬ್ಬಳ್ಳಿಯವರ ಪಟ್ಟಿ ಓದಿ ಮರುಕವಾಯಿತು, ಆಶ್ಚರ್ಯವಾಗಲಿಲ್ಲ. ನನಗೆ ಖರ್ಚಾದದ್ದು 40 ರೂಪಾಯಿ. ಮಳೆಗಾಲ ಶುರುವಾದೊಡನೆ ನಮ್ಮ ಶೆಡ್ಡಿನಲ್ಲಿ ಇಲಿಗಳು ಬೆಚ್ಚಗಿನ ಬಾನೆಟ್ ಹುಡುಕುತ್ತವೆ. ಕಾಯಿಲ್ ಸರಿಯಿತ್ತು, ಪ್ಲಗ್ ಸರಿಯಿತ್ತು. ಇಂಜೆಕ್ಟರಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದಾಗ ನಾಲ್ಕೂ 12 ಓಮ್‌ನ ಆಸುಪಾಸಿನಲ್ಲಿದ್ದವು. ಆದರೆ ನಾಲ್ಕನೆಯ ಇಂಜೆಕ್ಟರಿನ ವೈರ್ ಕನೆಕ್ಟರಿಗೆ ಟೆಸ್ಟ್ ಬಲ್ಬ್ ಚುಚ್ಚಿದರೆ ಮಿನುಗಲೇ ಇಲ್ಲ. ವೈರಿನ ಗುಂಟ ಬೆರಳಾಡಿಸಿಕೊಂಡು ಹೋದಾಗ ಬ್ಯಾಟರಿಯ ಹಿಂಬದಿಯಲ್ಲಿ, ಹೊದಿಕೆಯೊಳಗೆ, ಇಲಿ ಕಡಿದು ತುಂಡಾಗಿದ್ದ ತಂತಿ ಸಿಕ್ಕಿತು. ಬೆಸುಗೆ ಹಾಕಿ ಮೇಲೆ ಇನ್ಸುಲೇಷನ್ ಕೊಳವೆ ಏರಿಸಿದೆ, ಮುಗಿಯಿತು. ಕಣ್ಣು ಬಿಟ್ಟು ನೋಡುವವರಿಗೆ 18,640 ಖರ್ಚಾಗುವುದಿಲ್ಲ.

ಹುಬ್ಬಳ್ಳಿಯಿಂದ:
ನಿಮ್ಮ ಮನೆಯ ಇಲಿ ನನ್ನ ಪ್ಲಗ್ ಗುಂಡಿಗೆ ಎಣ್ಣೆ ಸುರಿದಿರಲಿಲ್ಲ, ಮಹಾಶಯರೇ. ಒಂದು ವೈರ್ ಬೆಸೆದವರು ಎಲ್ಲರ ಇಂಜಿನ್ನಿನಲ್ಲೂ ವೈರನ್ನೇ ಕಾಣುತ್ತಾರೆ. ಆ ವೈರ್ ಹುಡುಕಲು ನಿಮಗೆ ಎಷ್ಟು ದಿನ ಬೇಕಾಯಿತೆಂಬುದನ್ನೂ ಬರೆಯಿರಿ.

ಮಂಗಳೂರಿನಿಂದ:
ಹನ್ನೊಂದು ದಿನ. ಭಾನುವಾರಗಳನ್ನು ಬಿಟ್ಟು.

ತುಮಕೂರಿನಿಂದ:
ನೀವಿಬ್ಬರೂ ಸಣ್ಣ ಮೊತ್ತಕ್ಕೆ ಜಗಳವಾಡುತ್ತಿದ್ದೀರಿ. ನನ್ನದು ಸಿಎನ್‌ಜಿ ಹಾಕಿಸಿದ ಗಾಡಿ, 1,38,000 ಕಿ.ಮೀ. ಇಂಜಿನ್ ಬಿಸಿಯಾದ ಮೇಲೆ ಮಿಸ್ಸಿಂಗ್ ಹೆಚ್ಚುತ್ತಿತ್ತು. ದೀಪ ಮಿನುಗುತ್ತಿದ್ದರೂ ‘ಓಡುತ್ತಿದೆಯಲ್ಲ’ ಎಂದು ಐದು ತಿಂಗಳು ಓಡಿಸಿದೆ, ಅದೇ ನನ್ನ ತಪ್ಪು. ದೀಪ ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ: ಮಿನುಗುವಾಗ ಉರಿಯದ ಇಂಧನ ಸೈಲೆನ್ಸರಿನ ದಾರಿಯಲ್ಲಿರುವ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜೇನುಗೂಡಿನಂಥ ಭಾಗ ಕರಗುತ್ತದೆ. ನನ್ನದು ಕರಗಿತು, 38,000 ರೂ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದಾಗ ನಾಲ್ಕು ಸಿಲಿಂಡರಿನಲ್ಲಿ 175, 170, 95, 172 ಪಿಎಸ್‌ಐ ಬಂತು. ಮೂರನೆಯದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರೂ 95ರಿಂದ ಮೇಲೇಳಲಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದು ತುಂಬಿ ಒತ್ತಡ ಏರಬೇಕಿತ್ತು, ಆದ್ದರಿಂದ ದೋಷ ವಾಲ್ವಿನದು ಎಂದು ತಿಳಿಯಿತು. ಗ್ಯಾಸಿನಲ್ಲಿ ಓಡಿ ಓಡಿ ವಾಲ್ವ್ ಸೀಟ್ (ವಾಲ್ವ್ ಕೂರುವ ಜಾಗ) ತಗ್ಗಿ, ಟ್ಯಾಪೆಟ್ ಸಂದು (ವಾಲ್ವ್ ಮೇಲೆ ಬಿಡುವ ಸಣ್ಣ ಅಂತರ) ಮುಚ್ಚಿ, ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುತ್ತಿರಲಿಲ್ಲ. ಹೆಡ್ ಇಳಿಸಿ, ಲೇತಿಗೆ ಕಳಿಸಿ, 27,850. ಟ್ಯಾಪೆಟ್ ಸಂದನ್ನು ಸಕಾಲಕ್ಕೆ ನೋಡಿಸಿದ್ದರೆ ಕೆಲವು ನೂರು ರೂಪಾಯಿಯ ಕೆಲಸ. ಹೆಡ್ ಇಳಿಸಲು ಹೆದರಬೇಡಿ.

ಮೈಸೂರಿನಿಂದ:
ಯಾರೂ ಮೂಲಕಾರಣವನ್ನು ಹೇಳುತ್ತಿಲ್ಲ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ನನ್ನ 2011ರ ಗಾಡಿಯ ಮೈಲೇಜ್ ಲೀಟರಿಗೆ 16ರಿಂದ 14.5ಕ್ಕೆ ಇಳಿದಿದೆ; ಇಂಧನದ ರಬ್ಬರ್ ಪೈಪನ್ನು 1,750 ಕೊಟ್ಟು ಬದಲಿಸಿದ್ದೇನೆ; ಟ್ಯಾಂಕ್ ಇಳಿಸಿದಾಗ ತಳದಲ್ಲಿ ಕಾಲು ಲೀಟರ್ ನೀರಿತ್ತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಪ್ರಶ್ನೆ ಕೇಳಿದವರೂ ಟ್ಯಾಂಕ್ ಇಳಿಸಲಿ.

ದಾವಣಗೆರೆಯಿಂದ:
ಇಪ್ಪತ್ತಾರು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಮೈಸೂರಿನವರ ಟ್ಯಾಂಕಿನಲ್ಲಿ ನೀರಿದ್ದದ್ದು ನಿಜವಿರಬಹುದು, ಮೈಲೇಜ್ ಇಳಿದದ್ದೂ ನಿಜ, ಏಕೆಂದರೆ ಲೀಟರಿಗೆ ಲೀಟರ್ ನೋಡಿದರೆ ಎಥನಾಲಿನಲ್ಲಿ ಶಕ್ತಿ ಕಡಿಮೆ. ಆದರೆ ಒಂದೇ ಟ್ಯಾಂಕಿನ ಪೆಟ್ರೋಲ್ ನಾಲ್ಕೂ ಸಿಲಿಂಡರಿಗೆ ಹೋಗುತ್ತದೆ. ಕೆಟ್ಟದ್ದಾದರೆ ಸಾಮಾನ್ಯವಾಗಿ ಯಾವುದೇ ಒಂದು ಸಿಲಿಂಡರನ್ನು ಹೆಸರಿಸದ ಪಿ0300 ಬರುತ್ತದೆ, ಮೂರನೆಯದೊಂದರ ಮೇಲೆ ಮಾತ್ರ ಅದಕ್ಕೆ ದ್ವೇಷವಿರುವುದಿಲ್ಲ. ಕೇಳಿದವರು ಮೂರನೆಯ ಕಾಯಿಲನ್ನು ಒಂದನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ ನೋಡಲಿ. ಪಿ0301 ಬಂದರೆ ಕಾಯಿಲ್ ಕೆಟ್ಟಿದೆ. ಬಾರದಿದ್ದರೆ ಪ್ಲಗ್ಗನ್ನು ಹಾಗೆಯೇ ಅದಲುಬದಲು ಮಾಡಲಿ, ಆಮೇಲೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಮೊದಲ ಎರಡಕ್ಕೆ ಒಂದು ರೂಪಾಯಿಯ ಸಾಮಾನೂ ಬೇಡ.
ಇನ್ನು ಹುಬ್ಬಳ್ಳಿಯವರಿಗೆ ಒಂದು ಮಾತು. ದೋಷ ಹುಡುಕಲು ನಾನು 500 ರೂ. ಶುಲ್ಕ ಕೇಳಿದರೆ ‘ನೋಡಿದ್ದಕ್ಕೂ ದುಡ್ಡೇ?’ ಎಂದು ಗಾಡಿ ತಿರುಗಿಸುವವರು, ಪಕ್ಕದ ಗ್ಯಾರೇಜಿನಲ್ಲಿ 3,150ರ ಕಾಯಿಲಿಗೆ ಮಾತಿಲ್ಲದೆ ಕೊಡುತ್ತಾರೆ. ನಮ್ಮವರು ಹುಡುಕುವುದನ್ನು ಬಿಟ್ಟು ಬದಲಿಸುವುದನ್ನು ಕಲಿತದ್ದು ಹೀಗೆ.

ಹುಬ್ಬಳ್ಳಿಯಿಂದ:
ನನ್ನನ್ನು ಯಾರೂ 500 ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ಕಾಯಿಲ್ ಎಳೆದ ಕೈಗೆ ಎಣ್ಣೆ ಅಂಟಿದ್ದು ಎರಡೆರಡು ಸಲ ಕಾಣಲಿಲ್ಲವೆಂದರೆ, ಅದು ಶುಲ್ಕದ ಮಾತಲ್ಲ.

ಮೈಸೂರಿನಿಂದ:
‘ದ್ವೇಷ’ ಎಂಬ ಪದದಿಂದ ನನ್ನನ್ನು ಹಂಗಿಸುವ ಅಗತ್ಯವಿರಲಿಲ್ಲ. ಇಂಜೆಕ್ಟರ್ ಒಂದರಲ್ಲಿ ಮಾತ್ರ ಕಸ ಕಟ್ಟಬಾರದೆಂದು ಎಲ್ಲಿದೆ?

ದಾವಣಗೆರೆಯಿಂದ:
ಕಟ್ಟಬಹುದು. ಅದನ್ನು ಮೂರನೆಯ ಮೆಟ್ಟಿಲಿನಲ್ಲೇ ಹೇಳಿದ್ದೇನೆ. ಅದಕ್ಕೆ ಟ್ಯಾಂಕ್ ಇಳಿಸುವುದು ಬೇಡ ಎಂದಷ್ಟೇ ನನ್ನ ತಕರಾರು.

ತೀರ್ಥಹಳ್ಳಿಯಿಂದ:
ಎಲ್ಲರಿಗೂ ವಂದನೆಗಳು. ಕಾಯಿಲ್ ಅದಲುಬದಲು ಮಾಡಿದರೂ ಕೋಡ್ ಮೂರರಲ್ಲೇ ಉಳಿಯಿತು. ಪ್ಲಗ್ ಅದಲುಬದಲು ಮಾಡಿದ ಮರುದಿನ ಪಿ0301 ಬಂತು. ತೆಗೆದು ನೋಡಿದರೆ ಪ್ಲಗ್ಗಿನ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಗುಂಟ ಕಪ್ಪು ಗೆರೆ. ನಾಲ್ಕೂ ಪ್ಲಗ್ ಹೊಸದು ಹಾಕಿಸಿದೆ, ಲೇಬರ್ ಸೇರಿ 2,180. ನಿನ್ನೆ ಮೂವರನ್ನು ಕೂರಿಸಿಕೊಂಡು ಘಾಟಿ ಹತ್ತಿದೆ, ದೀಪ ಮಿನುಗಲಿಲ್ಲ.

ದಾವಣಗೆರೆಯಿಂದ:
ಘಾಟಿಯಲ್ಲಿ ಹೆಚ್ಚು ಕಾಣಿಸಿದ್ದೂ ಅದಕ್ಕೇ. ಭಾರ ಎಳೆಯುವಾಗ ಸಿಲಿಂಡರಿನೊಳಗಿನ ಒತ್ತಡ ಏರಿ ಕಿಡಿ ಹಾರುವುದು ಕಷ್ಟವಾಗುತ್ತದೆ, ಅದು ಬಿರುಕಿನ ಸುಲಭದ ದಾರಿ ಹಿಡಿಯುತ್ತದೆ. ಹಿಂದಿನ ಸಲ ಪ್ಲಗ್ ಬಿಗಿದವರು ಸ್ಪ್ಯಾನರನ್ನು ಓರೆಯಾಗಿ ಹಿಡಿದಿರಬೇಕು.

ತುಮಕೂರಿನಿಂದ:
ಒಂದು ತಿಂಗಳು ಮಿನುಗುವ ದೀಪದಲ್ಲಿ ಓಡಿಸಿದ್ದೀರಿ. ಕನ್ವರ್ಟರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ನನ್ನ 38,000ವನ್ನು ಮರೆಯಬೇಡಿ.

ಮಂಗಳೂರಿನಿಂದ:
ವೈರನ್ನೂ ನೋಡಿಬಿಡಿ. ತೀರ್ಥಹಳ್ಳಿಯಲ್ಲಿ ಇಲಿಗಳಿಗೆ ಬರವಿಲ್ಲ.

ಹುಬ್ಬಳ್ಳಿಯಿಂದ:
ಎಲ್ಲ ಸರಿ. ಹಳೆಯ ಪ್ಲಗ್ ತೆಗೆದಾಗ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದಿರಾ?

ತೀರ್ಥಹಳ್ಳಿಯಿಂದ:
ನೋಡಿದೆ. ಮೊದಲ ಮೂರು ಗುಂಡಿಗಳು ಒಣಗಿವೆ. ನಾಲ್ಕನೆಯದರಲ್ಲಿ ಸ್ವಲ್ಪ ಜಿಡ್ಡಿದೆ.

ಹುಬ್ಬಳ್ಳಿಯಿಂದ:
ಪ್ಯಾಕಿಂಗ್ 620.