ಸ್ಟ್ಯಾಟಿನ್ ಬದಲಿಗೆ ವಿಟಮಿನ್ ಸಿ: ಪಾಲಿಂಗ್ ವಾದದಲ್ಲಿ ಹುರುಳಿದೆಯೇ?

ಹೇಮಾವತಿ_ತೀರ (ಪ್ರಶ್ನೆ):
ನನ್ನ ತಂದೆಯವರಿಗೆ 64 ವರ್ಷ. ಸಕ್ಕರೆ ಕಾಯಿಲೆಯಿದ್ದು, ಎರಡು ವರ್ಷಗಳ ಹಿಂದೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಮೂರು ತಿಂಗಳಿಂದ ಅವರ ಮಾತ್ರೆ ಡಬ್ಬಿಗೆ 500 ಮಿಲಿಗ್ರಾಂನ, ಕಿತ್ತಳೆ ಬಣ್ಣದ, ಚೀಪುವ ವಿಟಮಿನ್ ಸಿ ಮಾತ್ರೆಗಳು ಸೇರಿಕೊಂಡಿವೆ. ಕಾಫಿ ಕುಡಿದಾಗಲೆಲ್ಲ ಒಂದೊಂದನ್ನು ಬಾಯಿಗೆ ಹಾಕಿಕೊಳ್ಳುತ್ತ ದಿನಕ್ಕೆ ಆರರವರೆಗೆ ಬಂದಿದ್ದಾರೆ. ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ ಅವರೇ ಹೃದ್ರೋಗಕ್ಕೆ ಇದನ್ನು ಸೂಚಿಸಿದ್ದಾರೆಂಬ ವಾಟ್ಸಾಪ್ ಬರಹವನ್ನು ನಂಬಿ, ಈಗ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಡುವ ಮಾತನ್ನೂ ಆಡುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಔಷಧಂಗಡಿ:
ವೈದ್ಯರನ್ನು ಕೇಳದೆ ಸ್ಟ್ಯಾಟಿನ್ ನಿಲ್ಲಿಸಲು ಬಿಡಬೇಡಿ. ಉಳಿದ ಚರ್ಚೆ ಆಮೇಲೆ.

ಪಾಲಿಂಗ್ ಹಾಗೆ ಹೇಳಿದ್ದು ನಿಜ. ಹೆಚ್ಚಿನ ಪ್ರಾಣಿಗಳ ದೇಹ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯರಿಗೂ ಗಿನಿಯಿಲಿಗಳಿಗೂ ಆ ಶಕ್ತಿಯಿಲ್ಲ. ರಕ್ತನಾಳದ ಗೋಡೆಗೆ ಬಿಗಿ ಕೊಡುವ ಕಾಲಜನ್ ತಯಾರಾಗಲು ಈ ಜೀವಸತ್ವ ಬೇಕೇ ಬೇಕು. ಅದು ಸಾಲದೆ ಗೋಡೆ ದುರ್ಬಲವಾದಾಗ ದೇಹವು ಲಿಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣವನ್ನು ತೇಪೆಯಂತೆ ಹಚ್ಚುತ್ತದೆ, ಆ ತೇಪೆಯೇ ದಪ್ಪವಾಗಿ ನಾಳವನ್ನು ಕಟ್ಟುತ್ತದೆ ಎಂದು ಅವರೂ ಜರ್ಮನ್ ವೈದ್ಯ ಮಥಿಯಾಸ್ ರಾತ್ ಅವರೂ 1990ರ ಸುಮಾರಿಗೆ ಪ್ರತಿಪಾದಿಸಿದರು. ಊಹೆ ಅಂದವಾಗಿತ್ತು, ಗಿನಿಯಿಲಿಗಳಲ್ಲಿ ಒಂದಿಷ್ಟು ಆಧಾರವೂ ಇತ್ತು.

ಮನುಷ್ಯರಲ್ಲಿ ಅದು ನಿಲ್ಲಲಿಲ್ಲ. ಅಮೆರಿಕದ 14,641 ಪುರುಷ ವೈದ್ಯರ ಮೇಲೆ ಸರಾಸರಿ ಎಂಟು ವರ್ಷ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿಯನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಡಲಾಗಿತ್ತು. 2008ರಲ್ಲಿ ಫಲಿತಾಂಶ ಹೊರಬಂದಾಗ ಹೃದಯಾಘಾತದಲ್ಲಾಗಲಿ, ಪಾರ್ಶ್ವವಾಯುವಿನಲ್ಲಾಗಲಿ, ಹೃದ್ರೋಗದ ಸಾವಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೃದ್ರೋಗದ ಅಪಾಯ ಹೆಚ್ಚಿದ್ದ 8,171 ಮಹಿಳೆಯರ ಪ್ರಯೋಗವೂ ಅದರ ಹಿಂದಿನ ವರ್ಷ ಇದನ್ನೇ ಹೇಳಿತ್ತು.

ಎದುರುದನಿ:
ಎರಡು ಆಕ್ಷೇಪಗಳಿವೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಸುಮಾರು 19,500 ಜನರ ರಕ್ತ ಪರೀಕ್ಷಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ವಿಟಮಿನ್ ಸಿ ಹೆಚ್ಚಿದ್ದವರಲ್ಲಿ ಹೃದ್ರೋಗದ ಸಾವು ಕಡಿಮೆ ಎಂಬುದನ್ನು ಅದು ಸ್ಪಷ್ಟವಾಗಿಯೇ ತೋರಿಸಿದೆ. ಇನ್ನು, ಪಾಲಿಂಗ್ ಹೇಳಿದ್ದು ಗ್ರಾಂಗಟ್ಟಲೆ ಪ್ರಮಾಣ. 500 ಮಿಲಿಗ್ರಾಂ ಕೊಟ್ಟು ಅವರ ಸೂತ್ರ ಸೋತಿತೆನ್ನುವುದು ನ್ಯಾಯವೇ?

ಔಷಧಂಗಡಿ:
ಆ ಸೂತ್ರವನ್ನು ಅದೇ ಪ್ರಮಾಣದಲ್ಲಿ ದೊಡ್ಡ ಪ್ರಯೋಗಕ್ಕೆ ಒಡ್ಡಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಬಾಯಿಯ ಮೂಲಕ ದಿನಕ್ಕೆ 200ರಿಂದ 400 ಮಿಲಿಗ್ರಾಂ ಒಳಸೇರುವಷ್ಟರಲ್ಲಿ ಆರೋಗ್ಯವಂತರ ರಕ್ತದ ಮಟ್ಟ ಬಹುಮಟ್ಟಿಗೆ ತುಂಬಿಬಿಡುತ್ತದೆ. ಅದರಾಚೆಗೆ ಕರುಳು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಹೀರಿದ್ದನ್ನೂ ಮೂತ್ರಪಿಂಡ ಹೊರಹಾಕುತ್ತದೆ. ನಾರ್ಫೋಕ್‌ನ ಅಂಕಿ ನನಗೆ ಬೇರೆಯೇ ಕಥೆ ಹೇಳುತ್ತದೆ: ರಕ್ತದ ವಿಟಮಿನ್ ಸಿ ಎಂದರೆ ತಟ್ಟೆಯಲ್ಲಿದ್ದ ಹಣ್ಣು ತರಕಾರಿಯ ಲೆಕ್ಕ, ಹಾಗೆ ಉಣ್ಣುವವರು ಬೀಡಿ ಸಿಗರೇಟನ್ನೂ ಕಡಿಮೆ ಸೇದುತ್ತಾರೆ. ಮಧುಮೇಹವಿದ್ದ, ಅಮೆರಿಕದ ಅಯೋವಾ ರಾಜ್ಯದ ಮಹಿಳೆಯರಲ್ಲಿ ಮಾತ್ರೆಯಿಂದ 300 ಮಿಲಿಗ್ರಾಂಗಿಂತ ಹೆಚ್ಚು ಪಡೆದವರಿಗೆ ಹೃದ್ರೋಗದ ಸಾವು ಜಾಸ್ತಿಯೆಂದು 2004ರ ವರದಿ ಹೇಳಿತ್ತು. ಅದೂ ಬರಿಯ ವೀಕ್ಷಣೆಯಾದ್ದರಿಂದ ಅದನ್ನು ಹಿಡಿದು ಹೆದರಿಸಲಾರೆ.

ಪ್ರಶ್ನೆ ಕೇಳಿದವರಿಗೆ: ದಿನಕ್ಕೆ 3 ಗ್ರಾಂ ಸಣ್ಣ ಮಾತಲ್ಲ. ಸ್ವೀಡನ್ನಿನ ಗಂಡಸರಲ್ಲಿ, ಈ ಮಾತ್ರೆ ನುಂಗುತ್ತಿದ್ದವರಿಗೆ ಮೂತ್ರಪಿಂಡದ ಕಲ್ಲು ಸುಮಾರು ಎರಡು ಪಟ್ಟು ಕಂಡುಬಂದಿತ್ತು. ತೋಳಿಗೆ ಅಂಟಿಸಿಕೊಳ್ಳುವ ಕೆಲವು ಸಕ್ಕರೆ ಸಂವೇದಕಗಳು, ದಿನಕ್ಕೆ 500 ಮಿಲಿಗ್ರಾಂ ಮೀರಿದರೆ, ಇರುವುದಕ್ಕಿಂತ ಹೆಚ್ಚಿನ ಸಕ್ಕರೆಯನ್ನು ತೋರಿಸಬಹುದು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಗಂಡಸರಿಗೆ ಹೇಳುವುದು ದಿನಕ್ಕೆ 80 ಮಿಲಿಗ್ರಾಂ. ಒಂದು ಸೀಬೆಹಣ್ಣಿಗೆ ಅದು ಮುಗಿಯಿತು.

ಹೇಮಾವತಿ_ತೀರ:
ತುಂಬಾ ಉಪಕಾರವಾಯಿತು. ಅಪ್ಪನ ತೋಳಿನಲ್ಲಿರುವುದೂ ಅಂಥ ಸಂವೇದಕವೇ. ಅದರ ಅಂಕಿಗೂ ಪ್ರಯೋಗಾಲಯದ ವರದಿಗೂ ತಾಳೆಯಾಗುತ್ತಿಲ್ಲವೆಂದು ಅವರೇ ಗೊಣಗುತ್ತಿದ್ದರು. ಸೋಮವಾರ ಮಾತ್ರೆ ಡಬ್ಬಿಯನ್ನೇ ವೈದ್ಯರ ಮುಂದಿಡುತ್ತೇನೆ. ಸೀಬೆಹಣ್ಣಿಗೆ ಅವರ ತಕರಾರಿಲ್ಲ, ಉಪ್ಪು ಖಾರ ಹಚ್ಚಿರಬೇಕಷ್ಟೆ.