ಕೈಕೀಲಿಯ ಚಿನ್ನದ ಡ್ರೆಸ್ ವಾಚ್: ಪಾಟೆಕ್ 6119, ಸ್ಯಾಕ್ಸೋನಿಯಾ ಥಿನ್, ಟ್ರಡಿಸಿಯೊನೆಲ್ ಮೂರರಲ್ಲಿ ಯಾವುದು?

ಕೀಲಿಗೊಂಚಲು:
ಸಂಗ್ರಹದಲ್ಲಿ ಎಚ್‌ಎಂಟಿ ಜನತಾ, ಒಂದು ಡೈವರ್ (ಮುಳುಗುವವರ ವಾಚ್), ಸ್ಟೀಲಿನ ಗ್ರ್ಯಾಂಡ್ ಸೈಕೊ ಇವೆ. ಚಿನ್ನದ್ದು ಒಂದೂ ಇಲ್ಲ. ಮಣಿಕಟ್ಟು 16.5 ಸೆಂ.ಮೀ. ಕೈಯಿಂದಲೇ ಕೀಲಿ ಕೊಡುವಂಥದ್ದು ಬೇಕು, ದಿನಾಂಕ ಬೇಡ. ಪಾಟೆಕ್ ಫಿಲಿಪ್ ಕಲಾತ್ರಾವಾ 6119, ಲಾಂಗೆ ಸ್ಯಾಕ್ಸೋನಿಯಾ ಥಿನ್ 37 ಮಿ.ಮೀ., ವಾಶೆರಾನ್ ಟ್ರಡಿಸಿಯೊನೆಲ್ 82172: ಇಷ್ಟಕ್ಕೆ ಬಂದು ನಿಂತಿದೆ. ಕಟ್ಟುವುದು ವರ್ಷಕ್ಕೆ ಇಪ್ಪತ್ತು ಸಲ, ಹೆಚ್ಚಾಗಿ ಮದುವೆ-ಮುಂಜಿಗೆ, ಅದೂ ಮಂಗಳೂರಿನ ಸೆಖೆಯಲ್ಲಿ. ಮರುಮಾರಾಟದ ಲೆಕ್ಕ ಬೇಡ.

ಸಣ್ಣಮುಳ್ಳು:
ದಪ್ಪದಿಂದ ಶುರು ಮಾಡಿ. ಲಾಂಗೆ 5.9 ಮಿ.ಮೀ., ವಾಶೆರಾನ್ 7.77, ಪಾಟೆಕ್ 8.1 ಹತ್ತಿರ. ಕಾಗದದ ಮೇಲೆ ಎರಡು ಮಿ.ಮೀ. ಏನೂ ಅನ್ನಿಸದು, ಗುಂಡಿ ಹಾಕಿದ ಅಂಗಿಯ ತೋಳಿನೊಳಗೆ ಚೆನ್ನಾಗಿ ಗೊತ್ತಾಗುತ್ತದೆ. ಅಗಲ ಕ್ರಮವಾಗಿ 37, 38, 39. ನಿಮ್ಮ ಮಣಿಕಟ್ಟಿಗೆ 39 ಕೂಡ ದೊಡ್ಡದಲ್ಲ, ಆದರೆ 6119ರ ಬೆಜೆಲ್ (ಗಾಜಿನ ಸುತ್ತಲಿನ ಉಂಗುರ) ತೆಳು, ಡಯಲ್ ಅಗಲ. ಹಾಗಾಗಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೇಸಿನ ವ್ಯಾಸ ನೋಡಿ ನಿರ್ಧರಿಸಬೇಡಿ, ಲಗ್ (ಪಟ್ಟಿ ಸಿಕ್ಕಿಸುವ ಕೊಂಬು) ತುದಿಯಿಂದ ತುದಿಗೆ ಅಳೆಯಿರಿ. ಆ ತುದಿಗಳು ಮಣಿಕಟ್ಟಿನ ಸಮತಟ್ಟು ಭಾಗ ದಾಟಿ ಹೊರಗೆ ಚಾಚಿದರೆ ಎಂಥ ವಾಚೂ ಎರವಲು ತಂದಂತೆ ಕಾಣುತ್ತದೆ.

ಇನ್ನೊಂದು: ಸ್ಯಾಕ್ಸೋನಿಯಾ ಥಿನ್‌ಗೆ ಸೆಕೆಂಡ್ ಮುಳ್ಳಿಲ್ಲ. ಓಡುತ್ತಿದೆಯೋ ನಿಂತಿದೆಯೋ ತಿಳಿಯಲು ಕಿವಿಗೆ ಹಿಡಿಯಬೇಕು. ಗ್ರ್ಯಾಂಡ್ ಸೈಕೊ ಜತೆ ಸೆಕೆಂಡಿಗೆ ಸೆಕೆಂಡ್ ಹೊಂದಿಸುವ ಚಟ ಇದ್ದರೆ ಕಿರಿಕಿರಿ. ಎರಡೇ ಮುಳ್ಳು ಸಾಕು ಅನ್ನುವವರಿಗೆ ಇದಕ್ಕಿಂತ ಶಾಂತವಾದ ಡಯಲ್ ಸಿಗುವುದು ಕಷ್ಟ.

ಗ್ಲಾಸ್‌ಹ್ಯೂಟೆ_ಪ್ರಿಯ:
ಹಿಂಬದಿ ತಿರುಗಿಸಿ ನೋಡಿದರೆ ನನ್ನ ಓಟು ಲಾಂಗೆಗೆ. L093.1 ಯಂತ್ರ ಬರೀ 2.9 ಮಿ.ಮೀ. ದಪ್ಪ, ಆದರೂ 72 ಗಂಟೆ ಓಡುತ್ತದೆ. ಯಂತ್ರದ ಬಹುಭಾಗ ಮುಚ್ಚುವ ಮುಕ್ಕಾಲು ಪ್ಲೇಟು ಜರ್ಮನ್ ಸಿಲ್ವರಿನದು (ತಾಮ್ರ-ನಿಕಲ್-ಸತುವಿನ ಮಿಶ್ರಲೋಹ), ಮೇಲೆ ಲೇಪ ಇಲ್ಲ. ವರ್ಷ ಕಳೆದಂತೆ ಜೇನು ಬಣ್ಣಕ್ಕೆ ತಿರುಗುತ್ತದೆ. ತೂಗುಚಕ್ರವನ್ನು (ಬ್ಯಾಲೆನ್ಸ್) ಹಿಡಿದಿಡುವ ತುಂಡು, ಅಂದರೆ ಬ್ಯಾಲೆನ್ಸ್ ಕಾಕ್ ಮೇಲಿನ ಹೂಬಳ್ಳಿ ಕೈಕೆತ್ತನೆ, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ತೊಂದರೆಯೂ ಅಲ್ಲೇ ಇದೆ. ಲೇಪವಿಲ್ಲದ ಲೋಹದ ಮೇಲೆ ಬರಿಬೆರಳು ತಾಗಿದರೆ ಗುರುತು ಉಳಿದೇಬಿಡುತ್ತದೆ. ಪಕ್ಕದ ಬೀದಿಯ ರಿಪೇರಿಯವರು ಎಷ್ಟೇ ನಿಪುಣರಾದರೂ ಇದನ್ನು ಅವರ ಕೈಗೆ ಬಿಚ್ಚಲು ಕೊಡಬೇಡಿ.

6119ರ 30-255 PS ಯಂತ್ರವೂ ಕಡಿಮೆಯದಲ್ಲ: 2.55 ಮಿ.ಮೀ. ದಪ್ಪದಲ್ಲಿ ಎರಡು ಬ್ಯಾರೆಲ್ (ಕೀಲಿಯ ಸ್ಪ್ರಿಂಗ್ ಇರುವ ಡಬ್ಬಿ), 65 ಗಂಟೆ. ಬ್ಯಾರೆಲ್‌ಗಳು ಸಮಾನಾಂತರವಾಗಿರುವುದು ಹೆಚ್ಚು ಬಲಕ್ಕಾಗಿ. ಓಡುವ ಅವಧಿ ಉದ್ದವಾಗಲಿ ಅಂತ ಅಲ್ಲ. ತೂಗುಚಕ್ರದ ಲಯ ಹಿಡಿಯುವ ಸಣ್ಣ ಸುರುಳಿ (ಹೇರ್‌ಸ್ಪ್ರಿಂಗ್) ಸಿಲಿಕಾನ್ ಮೂಲದ್ದು. ಫೋನ್ ಕವರಿನ ಮ್ಯಾಗ್ನೆಟ್ ಪಕ್ಕ ಇಟ್ಟರೂ ಅದು ಅಂಟಿಕೊಳ್ಳುವುದಿಲ್ಲ. ವಾಶೆರಾನ್‌ನ 4400 AS ಕೂಡ 65 ಗಂಟೆಯದೇ, ಜಿನೀವಾ ಸೀಲ್ (ಜಿನೀವಾದ ಗುಣಮಟ್ಟದ ಮುದ್ರೆ) ಇದೆ. ಪಾಟೆಕ್ 2009ರಲ್ಲಿ ಆ ಸೀಲ್ ಬಿಟ್ಟು ತನ್ನದೇ ಮುದ್ರೆ ಮಾಡಿಕೊಂಡಿತು.

ಕರಾವಳಿ_ಕ್ರೋನೊ:
ಮದುವೆಮನೆ ಅಂದಿರಿ, ಅದಕ್ಕೆ ಹೇಳುತ್ತೇನೆ. 6119ರ ಬೆಜೆಲ್ ತುಂಬ ಸಣ್ಣ ಸಣ್ಣ ಪಿರಮಿಡ್ ಕೆತ್ತನೆ. ಅಕ್ಷತೆಯ ಅರಿಶಿನ, ಗಂಧ ಎಲ್ಲ ಅದರ ಸಂದಿಗೆ ಹೋಗಿ ಕೂರುತ್ತದೆ. ಒಣಗುವ ಮೊದಲೇ ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ. ನೀರು ತಡೆಯುವ ಮಟ್ಟ 30 ಮೀಟರ್ ಅಂತ ಬರೆದಿದೆ ಅಂತ ನಲ್ಲಿಗೆ ಹಿಡಿಯಬೇಡಿ. ಪಾಲಿಶ್‌ಗಂತೂ ಕೊಡಲೇಬೇಡಿ, ಒಂದೇ ಸಲಕ್ಕೆ ಪಿರಮಿಡ್ಡಿನ ತುದಿ ಮೊಂಡಾಗುತ್ತದೆ. ನಯವಾದ ಬೆಜೆಲಿನ ಲಾಂಗೆ, ವಾಶೆರಾನ್‌ಗೆ ಈ ಕಾಟವಿಲ್ಲ.

ಅಲಿಗೇಟರ್ (ಮೊಸಳೆ ಜಾತಿ) ಚರ್ಮದ ಪಟ್ಟಿ ಕರಾವಳಿಯ ಬೆವರಿಗೆ ಒಳಗಿನಿಂದ ಕೊಳೆಯುತ್ತದೆ. ಒಂದು ದಿನ ಕಟ್ಟಿದರೆ ಎರಡು ದಿನ ಗಾಳಿಗೆ ಬಿಡಿ, ಮುಚ್ಚಿದ ಡಬ್ಬಿಗೆ ಹಾಕಬೇಡಿ. ಪಾಟೆಕ್‌ನ ಲಗ್‌ಗಳ ನಡುವಿನ ಅಗಲ 21 ಮಿ.ಮೀ., ಬೆಸ ಅಳತೆ. ಬದಲಿ ಪಟ್ಟಿ ಅಂಗಡಿಯಲ್ಲಿ ಸುಲಭಕ್ಕೆ ಸಿಗದು, ಹೊಲಿಸಬೇಕು.

ದುಡ್ಡಿನ ಮಾತು: 22 ಏಪ್ರಿಲ್ 2025ರಿಂದ 10 ಲಕ್ಷ ದಾಟಿದ ಕೈಗಡಿಯಾರಕ್ಕೆ 1% ಟಿಸಿಎಸ್ (ಮಾರುವವರೇ ನಿಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಇದೆ. ಅದು ಹೆಚ್ಚುವರಿ ತೆರಿಗೆಯಲ್ಲ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಪ್ಯಾನ್ ಸರಿಯಾಗಿ ಬರೆಸಿ.

ಕೀಲಿಗೊಂಚಲು:
ಹಳೆಯ ಕಲಾತ್ರಾವಾ 5196 ಒಂದು ಸಿಗುತ್ತಿದೆ, 37 ಮಿ.ಮೀ. ಅದು ಹೇಗೆ?

ಸಣ್ಣಮುಳ್ಳು:
ಅಳತೆ ನಿಮಗೆ ಹೇಳಿ ಮಾಡಿಸಿದಂತಿದೆ. ಆದರೆ ಸೆಕೆಂಡ್ ಮುಳ್ಳು ಓಡುವ ಸಣ್ಣ ವೃತ್ತ ನೋಡಿ, ನಡುವಿಗೆ ಒತ್ತಿಕೊಂಡು ಕೂತಿದೆ. ಒಳಗಿನ 215 PS ಯಂತ್ರದ ವ್ಯಾಸ ಬರೀ 21.9 ಮಿ.ಮೀ., ಕೇಸಿಗೆ ಹೋಲಿಸಿದರೆ ಪುಟ್ಟದು, ಹಾಗಾಗಿ ವೃತ್ತ ಕೆಳಗೆ ಇಳಿಯಲು ಜಾಗವಿಲ್ಲ. 6119ಕ್ಕೆ 31 ಮಿ.ಮೀ. ಯಂತ್ರ ಹಾಕಿದ ಮೇಲೆ ಅದು ಸರಿಹೋಯಿತು. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯಲಾಗದ ಕೊರತೆ ಅದು. ಕೆಲವರಿಗೆ ಅದೇ ಇಷ್ಟ, ಅದು ಬೇರೆ ಮಾತು.

ಕೊಳ್ಳುವುದಾದರೆ ಮೊದಲು ಲಗ್‌ನ ಅಂಚು ಮತ್ತು ಹಾಲ್‌ಮಾರ್ಕ್ ನೋಡಿ; ಮುದ್ರೆ ಮಸುಕಾಗಿದ್ದರೆ ಪಾಲಿಶ್ ಆಗಿದೆ ಅಂತಲೇ ಲೆಕ್ಕ. ಆಮೇಲೆ ಪೂರ್ತಿ ಕೀಲಿ ಕೊಟ್ಟು ಟೈಮ್‌ಗ್ರಾಫರ್ (ವಾಚಿನ ಟಿಕ್‌ಟಿಕ್ ಕೇಳಿ ಓಟ ಅಳೆಯುವ ಸಾಧನ) ಮೇಲೆ ಆರು ಭಂಗಿಯಲ್ಲಿ ಇಡಿಸಿ. ಮಲಗಿಸಿದಾಗ ಆಂಪ್ಲಿಟ್ಯೂಡ್ (ತೂಗುಚಕ್ರ ತೂಗುವ ಕೋನ) 270 ಡಿಗ್ರಿ ಮೇಲಿರಲಿ. ಆ ಯಂತ್ರಕ್ಕೆ ತಕ್ಕ ಲಿಫ್ಟ್ ಆಂಗಲ್ (ಆ ಅಂಕಿ ಲೆಕ್ಕ ಹಾಕಲು ಸಾಧನಕ್ಕೆ ಕೊಡುವ, ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಕೋನ) ಹಾಕಿಸದೆ ಮಾಮೂಲಿ 52 ಡಿಗ್ರಿಯಲ್ಲೇ ಓದಿದರೆ ಅಂಕಿ ಸುಳ್ಳು ಹೇಳಬಹುದು. 24 ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಆಗ 200ಕ್ಕೆ ಕುಸಿದಿದ್ದರೆ ಎಣ್ಣೆ ಒಣಗಿದೆ, ಸರ್ವಿಸ್ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.