ಸಹಾಯ ಬೇಕು: ಡೇಟಾ ಹೊರಗೆ ಬರಲ್ಲ, ಖಾಲಿ ಕಾಲಂ ತುಂಬೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆ ಗುರುತಿಸುವ ಮಾಡೆಲ್ ಮಾಡುತ್ತಿದ್ದೇನೆ. ಮೊದಲು ಅಮೆರಿಕದ ಪಿಮಾ ಬುಡಕಟ್ಟಿನ ಮಹಿಳೆಯರ ಸಕ್ಕರೆ ಕಾಯಿಲೆ ದಾಖಲೆಯಾದ ಪಿಮಾ ಡೇಟಾಸೆಟ್‌ನಲ್ಲಿ ಕೈ ಪಳಗಿಸಿಕೊಂಡೆ. 768 ಸಾಲುಗಳಲ್ಲಿ 374 ಕಡೆ ಇನ್ಸುಲಿನ್ ಸೊನ್ನೆ, 35 ಕಡೆ ಬಿಪಿಯೂ ಸೊನ್ನೆ! ಬದುಕಿರುವವರ ಬಿಪಿ ಸೊನ್ನೆ ಇರುತ್ತಾ? ಅಳೆದೇ ಇಲ್ಲ, ಅಷ್ಟೇ. ಅಲ್ಲಿ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ತುಂಬಿ ಹೇಗೋ ದಾಟಿದೆ.

ಈಗ ಅಸಲಿ ತಲೆನೋವು. ಮೂರು ಆಸ್ಪತ್ರೆಗಳ ದಾಖಲೆ ಹೊರಗೆ ಬರುವಂತಿಲ್ಲ. ರೋಗಿಗಳ ವಿಷಯ, ಸರಿಯೇ ಅಲ್ವಾ. ಹಾಗಾಗಿ ಫೆಡರೇಟೆಡ್ ಲರ್ನಿಂಗ್: ಡೇಟಾ ಅಲ್ಲೇ ಇರುತ್ತದೆ, ಮಾಡೆಲ್‌ನ ವೇಯ್ಟ್ಸ್ (ಅದು ಕಲಿತ ಅಂಕಿಗಳು) ಮಾತ್ರ ಓಡಾಡುತ್ತವೆ. ಆದರೆ ಒಂದು ಕಡೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆಯಾದ ಎಚ್‌ಬಿಎ1ಸಿ ಕಾಲಮ್ಮೇ ಇಲ್ಲ. ಇನ್ನೆರಡು ಕಡೆ ಡಾಕ್ಟರಿಗೆ ಅನುಮಾನ ಬಂದವರಿಗೆ ಮಾತ್ರ ಆ ಟೆಸ್ಟ್ ಬರೆದಿದ್ದಾರೆ. ಅಂದರೆ ಖಾಲಿ ಜಾಗವೂ ಏನೋ ಹೇಳುತ್ತಿದೆ. ಸುಮ್ನೆ ಸರಾಸರಿ ತುಂಬಿದರೆ ಚೆನ್ನಾಗಿರುವವರಿಗೂ ಸಕ್ಕರೆ ಜಾಸ್ತಿ ಅಂತ ಬರುತ್ತದೆ. ‘ಟೆಸ್ಟ್ ಆಗಿದೆಯಾ’ ಅಂತ ಒಂದು ಕಾಲಂ ಸೇರಿಸಿ ನೋಡಿದೆ. ಮಾಡೆಲ್ ಅದನ್ನೇ ನೆಚ್ಚಿಕೊಂಡು ಕೂತಿತು!

ಡೇಟಾ ಒಟ್ಟಿಗೆ ಸೇರಿಸದೆ ಮೈಸ್ (MICE, ಉಳಿದ ಕಾಲಂಗಳಿಂದ ಮತ್ತೆ ಮತ್ತೆ ಅಂದಾಜು ಮಾಡುವ ವಿಧಾನ) ತರಹದ ಇಂಪ್ಯುಟೇಶನ್, ಅಂದರೆ ಖಾಲಿ ಜಾಗ ತುಂಬುವುದು, ಯಾರಾದರೂ ಮಾಡಿದ್ದೀರಾ? ಕಳಿಸುವ ಅಪ್‌ಡೇಟ್‌ನಿಂದಲೂ ರೋಗಿಯ ವಿವರ ಸೋರಬಹುದು, ಅದಕ್ಕೆ ನಾಯ್ಸ್ (ವಿವರ ಮರೆಮಾಡಲು ಬೆರೆಸುವ ಗೊತ್ತುಗುರಿಯಿಲ್ಲದ ಅಂಕಿಗಳು) ಎಷ್ಟು ಸೇರಿಸುತ್ತೀರಿ? ಒಟ್ಟು ಸುಮಾರು ನಾಲ್ಕು ಸಾವಿರ ಸಾಲುಗಳಿವೆ. ಮಾಡೆಲ್ ಕಟ್ಟಲು ಪೈಟಾರ್ಚ್, ಫೆಡರೇಟೆಡ್ ಲರ್ನಿಂಗ್‌ಗೆ ಫ್ಲವರ್ ಬಳಸುತ್ತಿದ್ದೇನೆ.